ಐವತ್ತೆಂಟರ ಕ್ಯಾಪ್ಟನ್

ಮೂಲಪಾಡಿಗೆ ಬೆಳಗ್ಗೆ ಬೇಗ ಬರಬೇಕು. ಹತ್ತು ಗಂಟೆ ಕಳೆಯಿತೆಂದರೆ ಕೃಷ್ಣೆಯ ಕಡೆಯಿಂದ ಬೀಸುವ ಗಾಳಿಯೂ ಬಿಸಿ, ಕೂತ ಪ್ಲಾಸ್ಟಿಕ್ ಕುರ್ಚಿಯೂ ಬಿಸಿ. ವಿಜಯವಾಡದಿಂದ ಹೈದರಾಬಾದ್ ಹೆದ್ದಾರಿ ಹಿಡಿದು ಇಬ್ರಾಹಿಂಪಟ್ಟಣ ದಾಟಿದ ಮೇಲೆ ಬಲಕ್ಕೆ ಕೊಂಡಪಲ್ಲಿಯ ಗುಡ್ಡಗಳು ಹತ್ತಿರ ಸರಿಯುತ್ತವೆ. ಅಲ್ಲಿನ ಹಗುರ ಮರದಿಂದಲೇ ಕೊಂಡಪಲ್ಲಿ ಬೊಂಬೆ ಮಾಡುವುದು, ನಮ್ಮ ಚನ್ನಪಟ್ಟಣದವರು ಹಾಲೆಮರ ಕಡೆದ ಹಾಗೆ. ಆ ಗುಡ್ಡಗಳ ಕಡೆಗೆ ಮುಖ ಮಾಡಿಕೊಂಡು ಆಂಧ್ರ ಕ್ರಿಕೆಟ್ ಸಂಸ್ಥೆಯ ಮೈದಾನವಿದೆ. ಟಿಕೆಟ್ಟಿಲ್ಲ, ನೂಕುನುಗ್ಗಲಿಲ್ಲ. ಬನ್ನಿ, ಸೈಟ್‌ಸ್ಕ್ರೀನಿನ ಪಕ್ಕ ಒಂದಿಷ್ಟು ನೆರಳಿದೆ. ಇಬ್ಬರಿಗೆ ಸಾಕು.

ನಡೆಯುತ್ತಿರುವುದು ಇಪ್ಪತ್ಮೂರು ವರ್ಷದೊಳಗಿನವರ ಪಂದ್ಯ. ಪ್ರೇಕ್ಷಕರೆಂದರೆ ನೀವು, ನಾನು, ಒಬ್ಬ ಆಟಗಾರನ ತಂದೆ, ನೀರಿನ ಡ್ರಮ್ಮಿನ ಹಿಂದೆ ಮಲಗಿದ ಒಂದು ನಾಯಿ. ಟಿವಿಯಲ್ಲಿ ಕೇಳಿಸದ ಸದ್ದೆಲ್ಲ ಇಲ್ಲಿ ಕೇಳುತ್ತದೆ. ಓಡಿ ಬರುವ ಬೌಲರ್‌ನ ಬೂಟಿನ ಮುಳ್ಳು ನೆಲ ಕಚ್ಚುವ ಸದ್ದು, ಪ್ಯಾಡಿಗೆ ಬಡಿದ ಚೆಂಡಿನ ಮಂಕು ಸದ್ದು, ಕೀಪರ್ ನಿಲ್ಲಿಸದೇ ಆಡುವ ತೆಲುಗು ಮಾತು. ನಮ್ಮೆದುರೇ ಹಗ್ಗದ ಒಳಗೆ ಡೀಪ್ ಮಿಡ್‌ವಿಕೆಟ್‌ನಲ್ಲಿ ನಿಂತ ಹುಡುಗನ ಬೆನ್ನ ಮೇಲೆ ಬೆವರು ಆಗಲೇ ನಕ್ಷೆ ಬರೆದಿದೆ.

"ಹೋದ ವರ್ಷದಿಂದ ನಮ್ಮವನು ಸಿ.ಕೆ. ಆಡುತ್ತಿದ್ದಾನಂಡಿ" ಎನ್ನುತ್ತಾರೆ ತಂದೆ. ಸಿ.ಕೆ. ಎಂದರೆ ಕರ್ನಲ್ ಸಿ.ಕೆ. ನಾಯ್ಡು ಟ್ರೋಫಿ. ರಣಜಿಗೆ ಹೋಗುವ ಮೊದಲಿನ ಮೆಟ್ಟಿಲು. ಬೆಂಗಳೂರಿನ ಹುಡುಗರೂ ಹಾಗೇ ಅನ್ನುವುದು: "ಎರಡು ಸೀಸನ್ ಸಿ.ಕೆ. ನಾಯ್ಡು ಆಡಿದೆ, ಆಮೇಲೆ ಬಿಟ್ಟೆ." ಮನುಷ್ಯ ಹೀಗೆ ಟೂರ್ನಿಯಾಗಿಬಿಡುತ್ತಾನೆ. ಕಸ್ತೂರಬಾ ಎಂದರೆ ರಸ್ತೆ, ಅರಸು ಎಂದರೆ ರಸ್ತೆ, ನಾಯ್ಡು ಎಂದರೆ ನಾಲ್ಕು ದಿನದ ಪಂದ್ಯ. ಓವರಿನ ನಡುವೆ ಹಗ್ಗದ ಬಳಿ ನೀರು ಕುಡಿಯಲು ಬಂದ ಹುಡುಗನನ್ನು ಕೇಳಿದೆ, ಆ ಸಿ.ಕೆ. ಯಾರಪ್ಪಾ ಎಂದು. ಬಾಟಲಿಯ ಮುಚ್ಚಳ ತಿರುಗಿಸುತ್ತ ಯೋಚಿಸಿದ. "ದೊಡ್ಡ ಸಿಕ್ಸ್ ಹೊಡೀತಿದ್ದರಂತೆ ಅಂಕುಲ್." ಅಷ್ಟು ಗೊತ್ತಿದ್ದರೆ ಅರ್ಧಕ್ಕಿಂತ ಹೆಚ್ಚು ಗೊತ್ತಿದೆ ಎಂದೇ ಅರ್ಥ.

ಉಳಿದರ್ಧಕ್ಕೆ ಊರೊಳಗೆ ವಾಪಸು ಹೋಗಬೇಕು.

ವಿಜಯವಾಡದ ಮಹಾತ್ಮ ಗಾಂಧಿ ರಸ್ತೆಯನ್ನು ಆ ಊರಿನಲ್ಲಿ ಬಂದರು ರಸ್ತೆ ಎಂದೇ ಕರೆಯುವುದು. ಆಟೋ ಹತ್ತಿ ಗಾಂಧಿಯ ಹೆಸರು ಹೇಳಿದರೆ ಚಾಲಕ ಒಂದು ಕ್ಷಣ ಯೋಚಿಸುತ್ತಾನೆ. ಬಂದರು ಎಂದರೆ ಮಚಲೀಪಟ್ಟಣ. ಈ ರಸ್ತೆ ಎಪ್ಪತ್ತು ಕಿಲೋಮೀಟರ್ ಆಚೆ ಅಲ್ಲಿಗೇ ಹೋಗಿ ಸಮುದ್ರಕ್ಕೆ ಮುಟ್ಟುತ್ತದೆ. ಅದೇ ರಸ್ತೆಯ ಮೇಲೆ, ಅಂಗಡಿಸಾಲಿನ ನಡುವೆ, ಇಂದಿರಾ ಗಾಂಧಿ ಕ್ರೀಡಾಂಗಣವಿದೆ. 2002ರ ನವೆಂಬರ್ 24ರಂದು ಇಲ್ಲಿ ಒಂದು ಅಂತಾರಾಷ್ಟ್ರೀಯ ಏಕದಿನ ಪಂದ್ಯ ನಡೆಯಿತು. ವೆಸ್ಟ್ ಇಂಡೀಸಿನ ಮಾರ್ಲನ್ ಸ್ಯಾಮ್ಯುಯೆಲ್ಸ್ ಔಟಾಗದೆ ನೂರೆಂಟು ಹೊಡೆದು ಭಾರತದಿಂದ ಸರಣಿಯನ್ನೇ ಕಸಿದುಕೊಂಡು ಹೋದ. ಈಗ ಸಂಜೆ ಹೊತ್ತು ಗೇಟಿನ ಹೊರಗೆ ಪುನುಗುಲು ಕರಿಯುವ ಬಾಣಲೆಯಿಂದ ಹೊಗೆ ಏಳುತ್ತದೆ. ಕಾಗದದ ತುಣುಕಿನಲ್ಲಿ ಆರು ಪುನುಗುಲು, ಮೇಲೊಂದು ಚಮಚ ಖಾರದ ಚಟ್ನಿ. ಅದನ್ನು ಕೈಯಲ್ಲಿ ಹಿಡಿದು ಪೂರ್ವಕ್ಕೆ ನೋಡಿ. ಸಿ.ಕೆ.ಯವರ ಕೊಟ್ಟಾರಿ ಮನೆತನದ ಬೇರು ಆ ದಿಕ್ಕಿನಲ್ಲಿತ್ತು. ಅಲ್ಲಿಂದ ಅವರು ವಕೀಲಿಕೆ ಹಿಡಿದು ನಾಗಪುರಕ್ಕೆ ಹೋದರು. ಮನೆಯೊಳಗೆ ತೆಲುಗು, ಬೀದಿಗಿಳಿದರೆ ಮರಾಠಿ, ಹಿಂದಿ. ಹೊಟ್ಟೆಪಾಡಿಗೆ ಊರು ಬಿಟ್ಟ ಕನ್ನಡದ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪುಣೆಯಲ್ಲಿ, ಸೊಲ್ಲಾಪುರದಲ್ಲಿ ಅಂಥ ಮನೆಗಳು ಎಷ್ಟೋ ಇವೆ. 1895ರ ಅಕ್ಟೋಬರ್ 31ರಂದು ನಾಗಪುರದಲ್ಲಿ ಹುಟ್ಟಿದ ಮಗುವಿಗೆ ಕನಕಯ್ಯ ಎಂದು ಹೆಸರಿಟ್ಟರು. ಕೊಟ್ಟಾರಿ ಕನಕಯ್ಯ ನಾಯ್ಡು.

ಹುಡುಗ ಆರಡಿ ಬೆಳೆದ. ಫುಟ್‌ಬಾಲ್, ಹಾಕಿ, ಓಟ, ಕೈ ಹಾಕಿದ್ದೆಲ್ಲ ಬಂತು. 1916ರಲ್ಲಿ ಬಾಂಬೆ ಚತುಷ್ಕೋನ ಟೂರ್ನಿಯಲ್ಲಿ ಯುರೋಪಿಯನ್ನರ ವಿರುದ್ಧ ಹಿಂದೂ ತಂಡಕ್ಕೆ ಒಂಬತ್ತನೆಯವನಾಗಿ ಬ್ಯಾಟ್ ಹಿಡಿದು ಇಳಿದಾಗ ಸ್ಕೋರು ಏಳು ವಿಕೆಟ್ಟಿಗೆ 79. ಮೂರು ಚೆಂಡು ತಡೆದ. ನಾಲ್ಕನೆಯದನ್ನು ಸಿಕ್ಸರ್ ಹೊಡೆದ. ನಲವತ್ತೇಳು ವರ್ಷ ನಡೆದ ಪ್ರಥಮ ದರ್ಜೆ ಆಟದ ಮೊದಲ ರನ್ನುಗಳು ಅವು.

ಈಗ ಪುನುಗುಲು ಮುಗಿಸಿ ನನ್ನ ಜೊತೆ ಹತ್ತು ವರ್ಷ ಮುಂದೆ, ಸಾವಿರ ಕಿಲೋಮೀಟರ್ ಪಡುವಣಕ್ಕೆ ಬನ್ನಿ.

1926ರ ಡಿಸೆಂಬರ್ 1, ಬಾಂಬೆ ಜಿಮ್‌ಖಾನಾ ಮೈದಾನ. ಸುತ್ತ ಶಾಮಿಯಾನ, ಅದರಾಚೆ ಮರ, ಮರದ ಕೊಂಬೆಗಳಲ್ಲಿ ಜನ. ಎದುರಿಗಿರುವ ಚೆಂದದ ಪೆವಿಲಿಯನ್ನಿನೊಳಗೆ ನಿಮಗೂ ನನಗೂ ಜಾಗವಿಲ್ಲ. ಅದು ಬಿಳಿಯರ ಕ್ಲಬ್ಬು, ಭಾರತೀಯರಿಗೆ ಸದಸ್ಯತ್ವವಿಲ್ಲ. ಆರ್ಥರ್ ಗಿಲಿಗನ್ ನಾಯಕತ್ವದ ಎಂ.ಸಿ.ಸಿ. ತಂಡ ಇಂಗ್ಲೆಂಡಿನಿಂದ ಬಂದಿದೆ. ಮೊದಲು ಆಡಿ 363 ಬಾರಿಸಿದೆ. ಗೈ ಅರ್ಲ್ ಎಂಬ ಭೀಮಕಾಯ ಎಂಟು ಸಿಕ್ಸರ್ ಹೊಡೆದು 130 ಮಾಡಿದ್ದಾನೆ. ಅದನ್ನು ನೋಡಿ ಜನ ಚಪ್ಪಾಳೆ ತಟ್ಟಿದ್ದರು, ಆದರೆ ನಿಮಗೆ ಗೊತ್ತಲ್ಲ, ಬೀಗರ ಮನೆಯ ಊಟ ಹೊಗಳುವಾಗಿನ ಚಪ್ಪಾಳೆ ಅದು.

ಈಗ ನಾಯ್ಡು ಬರುತ್ತಿದ್ದಾರೆ. ಆತುರವಿಲ್ಲದ ನಡಿಗೆ, ನೆಟ್ಟಗಿನ ಬೆನ್ನು. ಕ್ರೀಸಿಗೆ ಬಂದು ಸುತ್ತ ಒಮ್ಮೆ ನೋಡುತ್ತಾರೆ. ಫೀಲ್ಡರ್‌ಗಳನ್ನು ಎಣಿಸುತ್ತಿದ್ದಾರೋ, ಮೈದಾನದ ಅಳತೆ ತೆಗೆಯುತ್ತಿದ್ದಾರೋ ಇಲ್ಲಿಂದ ತಿಳಿಯುವುದಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಚೆಂಡು ಬೌಲರ್‌ನ ತಲೆಯ ಮೇಲಿನಿಂದ ಹಾರಿ, ಏರುತ್ತಲೇ ಹೋಗಿ, ನಮಗೆ ಜಾಗವಿಲ್ಲದ ಆ ಪೆವಿಲಿಯನ್ನಿನ ಸೂರಿಗೆ ಬಡಿಯುತ್ತದೆ. ಒಂದು ಗಳಿಗೆ ಯಾರಿಗೂ ಉಸಿರಿಲ್ಲ. ಆಮೇಲೆ ಎದ್ದ ಕೂಗಿಗೆ ನೀವೂ ಎದ್ದು ನಿಲ್ಲುತ್ತೀರಿ, ನಾನೂ ಎದ್ದು ನಿಲ್ಲುತ್ತೇನೆ, ಮರದ ಮೇಲಿದ್ದವರು ಕೊಂಬೆ ಅಲ್ಲಾಡಿಸುತ್ತಾರೆ.

ಸುದ್ದಿ ಕಾಲ್ನಡಿಗೆಯಲ್ಲೇ ಊರು ಸುತ್ತುತ್ತದೆ. ಕೋಟೆ ಪ್ರದೇಶದ ಆಫೀಸುಗಳಿಂದ ಗುಮಾಸ್ತರು ಒಬ್ಬೊಬ್ಬರಾಗಿ ಹೊರಬೀಳುತ್ತಾರೆ. ಮೊದಮೊದಲು ನಡೆದು ಬಂದರು, ಆಮೇಲಾಮೇಲೆ ಓಡಿ ಬಂದರು. ನಮ್ಮ ಪಕ್ಕದಲ್ಲಿ ಈಗ ನಿಲ್ಲಲು ಗೇಣು ಜಾಗವಿಲ್ಲ. ಇನ್ನೊಂದು ಸಿಕ್ಸರ್. ಅದರ ಹಿಂದೆಯೇ ಬೌಂಡರಿ. ಎಂಟನೆಯ ಸಿಕ್ಸರ್ ಬಂದಾಗ ಅರ್ಲ್‌ನ ಲೆಕ್ಕ ಸರಿಹೋಯಿತು ಎಂದು ಯಾರೋ ಕೂಗುತ್ತಾರೆ. ಒಂಬತ್ತನೆಯದಕ್ಕೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ನಾಯ್ಡು ಔಟಾಗಿ ಹಿಂತಿರುಗುವಾಗ ಫಲಕದಲ್ಲಿ 153. ಹಿಡಿದ ಸಮಯ 116 ನಿಮಿಷ, ಬೌಂಡರಿ ಹದಿಮೂರು, ಸಿಕ್ಸರ್ ಹನ್ನೊಂದು. ಆಗಿನ ಮಟ್ಟಿಗೆ ಅದು ಪ್ರಪಂಚದ ದಾಖಲೆ. ಎಂ.ಸಿ.ಸಿ.ಯವರು ಬೆಳ್ಳಿಯ ಬ್ಯಾಟು ಕೊಟ್ಟರು. ಇವರ ಜೊತೆ ಟೆಸ್ಟ್ ಆಡಬಹುದು ಎಂಬ ಮಾತು ಆ ಪ್ರವಾಸದಲ್ಲಿ ಮೊಳೆಯಿತು. 1928ರಲ್ಲಿ ಕ್ರಿಕೆಟ್ ನಿಯಂತ್ರಣ ಮಂಡಳಿ ಹುಟ್ಟಿತು. 1932ರ ಜೂನ್ 25ರಂದು ಲಾರ್ಡ್ಸ್‌ನಲ್ಲಿ ಭಾರತದ ಮೊದಲ ಟೆಸ್ಟ್. ಪ್ರವಾಸಕ್ಕೆ ನಾಯಕ ಪೋರಬಂದರಿನ ಮಹಾರಾಜರು. ಮೈದಾನಕ್ಕಿಳಿಯುವ ಹೊತ್ತಿಗೆ ಅವರು ಹಿಂದೆ ಸರಿದು ನಾಯ್ಡುವನ್ನು ಮುಂದೆ ಬಿಟ್ಟರು, ದೊಡ್ಡ ಮನಸ್ಸು. ಕೈಗೆ ಪೆಟ್ಟಾಗಿದ್ದರೂ ನಾಯ್ಡು ಮೊದಲ ಇನ್ನಿಂಗ್ಸ್‌ನಲ್ಲಿ 40 ಹೊಡೆದರು. ತಂಡದಲ್ಲಿ ಅದೇ ಹೆಚ್ಚು. ಆ ಬೇಸಿಗೆಯಲ್ಲಿ ಅವರು ಬಾರಿಸಿದ ಸಿಕ್ಸರ್ 32. ಎಜ್‌ಬಾಸ್ಟನ್‌ನಲ್ಲಿ ಹೊಡೆದ ಒಂದು ಚೆಂಡು ಪಕ್ಕದ ರೀ ನದಿಯನ್ನೇ ದಾಟಿ ಇನ್ನೊಂದು ಜಿಲ್ಲೆಯಲ್ಲಿ ಬಿತ್ತು ಎಂಬ ಕಥೆ ಅಲ್ಲಿನವರ ಬಾಯಲ್ಲೇ ಇದೆ.

ಆದರೆ ಹೊಟ್ಟೆಗೆ? ಕ್ರಿಕೆಟಿನ ಕಥೆ ಹೇಳುವವರು ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಕೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಆಗ ಆಡಿ ಸಂಬಳ ಪಡೆಯುವವರು ಒಂದು ಜಾತಿ, ಸಂಬಳವಿಲ್ಲದೆ ಆಡುವ ದೊಡ್ಡ ಮನುಷ್ಯರು ಇನ್ನೊಂದು ಜಾತಿ; ಇಬ್ಬರೂ ಮೈದಾನಕ್ಕೆ ಇಳಿಯುವ ಬಾಗಿಲುಗಳೂ ಬೇರೆ. ಅಮೆರಿಕದ ಬೇಸ್‌ಬಾಲಿನಲ್ಲಿ ಎಲ್ಲವೂ ಸಂಬಳವೇ. ಆ ಆಟದಲ್ಲಿ ನಮ್ಮ ಬೌಂಡರಿ ಕಾಯುವವರಂತೆ ಮೂವರು ದೂರದಲ್ಲಿ ನಿಲ್ಲುತ್ತಾರೆ, ಔಟ್‌ಫೀಲ್ಡರ್‌ಗಳು ಎಂದು ಹೆಸರು. ನ್ಯೂಯಾರ್ಕ್ ಯಾಂಕೀಸ್‌ನ ಜೋ ಡಿಮಾಜಿಯೊ ಅವರಲ್ಲಿ ದೊಡ್ಡವನು. 1949ರಲ್ಲಿ ಅವನ ಸಂಬಳ ವರ್ಷಕ್ಕೆ ಒಂದು ಲಕ್ಷ ಡಾಲರ್. ನಾಯ್ಡುವಿನ ದಾರಿ ಇವೆರಡೂ ಅಲ್ಲ, ನಮ್ಮದೇ ಮೂರನೆಯದು. 1923ರಲ್ಲಿ ಇಂದೋರಿನ ಹೋಳ್ಕರ್ ಮಹಾರಾಜರು ಅವರನ್ನು ಕರೆಸಿಕೊಂಡು ತಮ್ಮ ಸೈನ್ಯದಲ್ಲಿ ಕ್ಯಾಪ್ಟನ್ ಹುದ್ದೆ ಕೊಟ್ಟರು. ಮುಂದೆ ಕರ್ನಲ್. ಅರಮನೆಯಲ್ಲಿ ವಿದ್ವಾಂಸರಿದ್ದರು, ಪೈಲ್ವಾನರಿದ್ದರು, ಹಾಗೇ ಒಬ್ಬ ಸಿಕ್ಸರ್ ಹೊಡೆಯುವವರೂ ಇದ್ದರು ಎಂದುಕೊಳ್ಳಿ. ಮೈಸೂರಿನವರಿಗೆ ಈ ಏರ್ಪಾಡು ಹೊಸದೇನೂ ಅಲ್ಲ. 1941ರಲ್ಲಿ ಬಾತ್‌ಗೇಟ್ ಕಂಪನಿಯ ಲಿವರ್ ಟಾನಿಕ್ಕಿನ ಜಾಹೀರಾತಿಗೆ ಮುಖ ಕೊಟ್ಟದ್ದೂ ಅವರೇ, ಭಾರತದ ಕ್ರಿಕೆಟಿಗರಲ್ಲಿ ಮೊದಲಿಗರು. ಈಗಿನವರ ಬೈಕು, ಸೋಪು, ಗುಟ್ಕಾದ ಏಲಕ್ಕಿ ಎಲ್ಲಕ್ಕೂ ಮೂಲಪುರುಷ ಆ ಟಾನಿಕ್ಕಿನ ಬಾಟಲಿ.

ಹೋಳ್ಕರ್ ಕೊಟ್ಟ ಅನ್ನದ ಋಣವನ್ನು ನಾಯ್ಡು ತೀರಿಸಿದ ಒಂದು ಪಂದ್ಯ ಕನ್ನಡಿಗರಿಗೆ ಅಷ್ಟು ಹಿತವಾದದ್ದಲ್ಲ. ಆದರೂ ನಿಮ್ಮನ್ನು ಅಲ್ಲಿಗೆ ಕರೆದೊಯ್ಯದೆ ವಿಧಿಯಿಲ್ಲ. 1945-46ರ ರಣಜಿ, ಇಂದೋರು. ನೀವೀಗ ಮೈಸೂರು ತಂಡದ ಫೀಲ್ಡರ್. ಮೊದಲ ದಿನ ಹುಮ್ಮಸ್ಸಿನಲ್ಲಿ ಓಡಿದಿರಿ. ಮರುದಿನ ಕಾಲು ಎಳೆಯುತ್ತ ಓಡಿದಿರಿ. ಈಗ ಚೆಂಡು ನಿಮ್ಮ ಕಡೆಗೆ ಬಾರದಿರಲಿ ಎಂದು ಚಾಮುಂಡಿಗೆ ಹರಕೆ ಹೊರುತ್ತಿದ್ದೀರಿ. ಬಿ.ಕೆ. ಗರುಡಾಚಾರ್ ಲೆಗ್‌ಸ್ಪಿನ್ ಹಾಕುತ್ತಲೇ ಇದ್ದಾರೆ. ಓವರು ಮುಗಿದರೆ ಟೋಪಿ ಹಾಕಿಕೊಂಡು ದೂರ ಹೋಗುತ್ತಾರೆ, ಮತ್ತೆ ಬರುತ್ತಾರೆ, ಟೋಪಿ ತೆಗೆದು ಅಂಪೈರಿಗೆ ಕೊಡುತ್ತಾರೆ. ಭಂಡಾರ್ಕರ್ ನೂರು ಹೊಡೆದ. ಸರ್ವಟೆ ನೂರು ಹೊಡೆದ. ಜಗದಾಳೆ 164. ಆಮೇಲೆ ಪೆವಿಲಿಯನ್ನಿನಿಂದ ಇಳಿದು ಬರುತ್ತಿರುವ ಆ ಎತ್ತರದ ಮನುಷ್ಯನಿಗೆ ಐವತ್ತು ವರ್ಷ. ಸದ್ಯ, ವಯಸ್ಸಾಗಿದೆ ಎಂದು ನೀವು ನಿಟ್ಟುಸಿರು ಬಿಡುತ್ತೀರಿ. ಅವರೂ 101. ಅವರ ಹಿಂದೆ ನಿಂಬಾಳ್ಕರ್ 172, ಪ್ರತಾಪ್ ಸಿಂಗ್ ಸರಿಯಾಗಿ ನೂರು. ಒಂದೇ ಇನ್ನಿಂಗ್ಸಿನಲ್ಲಿ ಆರು ಶತಕ. ಎಂಟು ವಿಕೆಟ್ಟಿಗೆ 912 ಆದ ಮೇಲೆ ಡಿಕ್ಲೇರ್ ಮಾಡಿದರು. ಗರುಡಾಚಾರ್ ಕೊಟ್ಟ ರನ್ನು 301, ಪಡೆದ ವಿಕೆಟ್ 4.

ಆ 4ನ್ನು ಮಾತ್ರ ನಾನು ಮರೆಯುವುದಿಲ್ಲ. ಮುನ್ನೂರು ರನ್ ಕೊಟ್ಟ ಮೇಲೂ ಚೆಂಡು ಹಿಂದಿರುಗಿಸದ ಆ ಮಹನೀಯರು ತೊಂಬತ್ತೊಂಬತ್ತು ವರ್ಷ ಬದುಕಿ 2016ರಲ್ಲಿ ತೀರಿಕೊಂಡರು. ನಾಯ್ಡು ಮುಂದೆ ಬರೋಡಾ ವಿರುದ್ಧ ಫೈನಲಿನಲ್ಲಿ ಇನ್ನೂರು ಹೊಡೆದು ಹೋಳ್ಕರಿಗೆ ಮೊದಲ ರಣಜಿ ಗೆಲ್ಲಿಸಿದರು. ಅಲ್ಲಿಂದ ಇನ್ನು ಮೂರು ಸಲ ಆ ತಂಡ ಗೆದ್ದಿತು, ಕೊನೆಯದು 1952-53ರಲ್ಲಿ.

ಇಂದೋರಿನಿಂದ ಮತ್ತೆ ಆಂಧ್ರಕ್ಕೆ ಬನ್ನಿ. ಬೆಳಗ್ಗೆ ವಿಜಯವಾಡದಲ್ಲಿ ವಿಶಾಖಪಟ್ಟಣದ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿ. ಬಾಗಿಲ ಬಳಿಯ ಸೀಟಾದರೆ ಉತ್ತಮ. ಏಲೂರು ಕಳೆದ ಮೇಲೆ ಎರಡೂ ಕಡೆ ಗದ್ದೆ, ಕಾಲುವೆ, ತೆಂಗು. ಕಾಲುವೆಯ ಅಂಚಿನಲ್ಲಿ ಬೆಳ್ಳಕ್ಕಿಗಳು ಫೀಲ್ಡರ್‌ಗಳ ಹಾಗೆ ಅಂತರ ಕಾದುಕೊಂಡು ನಿಂತಿರುತ್ತವೆ. ರಾಜಮಹೇಂದ್ರಿಯ ಹತ್ತಿರ ಗೋದಾವರಿ ಬಂದಾಗ ಬೋಗಿಯ ಸದ್ದೇ ಬದಲಾಗುತ್ತದೆ. ಎದುರಿನ ಸೀಟಿನ ಹೆಂಗಸು ಕಿಟಕಿಯಿಂದ ಕೈ ಚಾಚಿ ನಾಣ್ಯ ಎಸೆದು ಕೈಮುಗಿಯುತ್ತಾರೆ. ಸಾಮರ್ಲಕೋಟ, ಅನ್ನಾವರಂ, ತುನಿ, ಅನಕಾಪಲ್ಲಿ. ಆರು ತಾಸಿನ ದಾರಿ. ಇನ್ನೊಬ್ಬರ ಕಥೆ ಹೇಳಲು ಸಾಕಷ್ಟು ಸಮಯವಿದೆ.

ವಿಶಾಖಪಟ್ಟಣದಿಂದ ಆಚೆಗೆ ಒಂದು ತಾಸು ಹೋದರೆ ವಿಜಯನಗರಂ. ಅಲ್ಲಿನ ಅರಸುಮನೆಯ ಮಹಾರಾಜಕುಮಾರರನ್ನು ಕ್ರಿಕೆಟ್ ಜಗತ್ತು ವಿಜ್ಜಿ ಎಂದು ಕರೆಯಿತು. ಕಾಶಿಯಲ್ಲಿ ನೆಲೆಸಿ ಸ್ವಂತ ಮೈದಾನ ಕಟ್ಟಿಸಿದವರು. ಇಂಗ್ಲೆಂಡಿನ ಹಾಬ್ಸ್, ಸಟ್‌ಕ್ಲಿಫ್‌ರಂಥವರನ್ನು ಕರೆಸಿ ತಮ್ಮ ತಂಡದಲ್ಲಿ ಆಡಿಸಿದವರು. ಧಾರಾಳಿ. ಆದರೆ ದುಡ್ಡಿನಿಂದ ಬರುವುದೆಲ್ಲ ಬಂದ ಮೇಲೂ ಬಾರದ್ದೊಂದು ಉಳಿದಿತ್ತು. ಅದು ನಾಯ್ಡುವಿನ ಬ್ಯಾಟಿನಲ್ಲಿತ್ತು. 1936ರ ಇಂಗ್ಲೆಂಡ್ ಪ್ರವಾಸಕ್ಕೆ ವಿಜ್ಜಿ ನಾಯಕರಾದರು. ಮೂರು ಟೆಸ್ಟುಗಳಲ್ಲಿ ಅವರು ಗಳಿಸಿದ್ದು ಒಟ್ಟು 33 ರನ್. ಸರ್ ಪದವಿ ಮಾತ್ರ ಆ ಪ್ರವಾಸದ ನಡುವೆಯೇ ಬಂತು. ಲಾಲಾ ಅಮರನಾಥರನ್ನು ಅರ್ಧದಲ್ಲೇ ಹಡಗು ಹತ್ತಿಸಿ ಮನೆಗೆ ಕಳಿಸಿದರು. ಒಂದು ಬೆಳಗ್ಗೆ ತಿಂಡಿಯ ಮೇಜಿನ ಮುಂದೆ ಬಾಕಾ ಜಿಲಾನಿ ಎಂಬ ಬೌಲರ್ ಎಲ್ಲರೆದುರು ನಾಯ್ಡುವನ್ನು ಹೀನಾಯವಾಗಿ ಬೈದ. ಓವಲ್ ಟೆಸ್ಟಿಗೆ ಅವನಿಗೆ ಜಾಗ ಸಿಕ್ಕಿತು. ಜೊತೆಗಿದ್ದವರು ಎರಡನ್ನೂ ಕೂಡಿಸಿ ಓದಿದರು. ಅವನು ಆಡಿದ ಟೆಸ್ಟು ಅದೊಂದೇ.

ಅದೇ ಓವಲ್‌ನಲ್ಲಿ ನಾಯ್ಡು ಏನು ಮಾಡಿದರು? ಗಬ್ಬಿ ಅಲೆನ್ ಎಸೆದ ಚೆಂಡು ಮೈಗೆ ಬಡಿಯಿತು. ನೋವು ನುಂಗಿ ನಿಂತು 81 ಹೊಡೆದರು. ನಲವತ್ತೊಂದನೆಯ ಹುಟ್ಟುಹಬ್ಬಕ್ಕೆ ಎರಡು ತಿಂಗಳು ಬಾಕಿ. ಆ ಇನ್ನಿಂಗ್ಸೇ ಅವರ ಕೊನೆಯ ಟೆಸ್ಟ್ ಇನ್ನಿಂಗ್ಸ್. ಏಳು ಟೆಸ್ಟ್, 350 ರನ್, ಅಷ್ಟೇ. ಟೆಸ್ಟಿನ ಅಂಕಿಗಳಿಂದ ಈ ಮನುಷ್ಯನನ್ನು ಅಳೆಯಲು ಹೊರಟರೆ ಗೋದಾವರಿಯನ್ನು ಲೋಟದಲ್ಲಿ ಅಳೆದಂತೆ.

ವಿಜ್ಜಿ 1954ರಲ್ಲಿ ಮಂಡಳಿಯ ಅಧ್ಯಕ್ಷರಾದರು. 1960ರ ಉಪಚುನಾವಣೆಯಲ್ಲಿ, ಮತ್ತೆ 1962ರಲ್ಲಿ, ವಿಶಾಖಪಟ್ಟಣದಿಂದಲೇ ಲೋಕಸಭೆಗೆ ಹೋದರು. ಅರಸುಮಗನಿಗೆ ಈ ತೀರದಲ್ಲಿ ಊರಿತ್ತು, ಅರಮನೆಯಿತ್ತು, ಮತದಾರರಿದ್ದರು. ನಾಗಪುರದಲ್ಲಿ ಹುಟ್ಟಿ ಇಂದೋರಿನಲ್ಲಿ ಅನ್ನ ಉಂಡ ನಾಯ್ಡುವಿಗೆ ಇಲ್ಲಿದ್ದದ್ದು ಮನೆತನದ ಹೆಸರು ಮತ್ತು ಅಡುಗೆಮನೆಯ ಭಾಷೆ. ಆ ಎರಡನ್ನೇ ನಂಬಿಕೊಂಡು 1953ರಲ್ಲಿ ಇಲ್ಲಿಂದ ಕರೆ ಹೋಯಿತು.

ಆ ವರ್ಷವನ್ನು ನೆನಪಿಸಿಕೊಳ್ಳಿ. ಪೊಟ್ಟಿ ಶ್ರೀರಾಮುಲು ಉಪವಾಸ ಮಾಡಿ ಪ್ರಾಣ ಬಿಟ್ಟು ವರ್ಷವೂ ಆಗಿಲ್ಲ. ಅಕ್ಟೋಬರ್ 1ರಂದು ಮದ್ರಾಸಿನಿಂದ ಬೇರೆಯಾಗಿ ಆಂಧ್ರ ರಾಜ್ಯ ಹುಟ್ಟಿದೆ. ಕರ್ನೂಲು ರಾಜಧಾನಿ, ಗುಂಟೂರಿನಲ್ಲಿ ಹೈಕೋರ್ಟು. ಬಳ್ಳಾರಿ ಮೈಸೂರಿಗೆ ಸೇರಿದ್ದೂ ಅದೇ ದಿನ, ಹಾಗಾಗಿ ಆ ತಾರೀಖು ನಮಗೂ ಗೊತ್ತು. ರಾಜ್ಯ ಬಂದ ಮೇಲೆ ತಂಡ ಬೇಡವೇ? ಅದುವರೆಗೆ ಮದ್ರಾಸಿನ ತಂಡದಲ್ಲಿ ಜಾಗ ಹುಡುಕುತ್ತಿದ್ದ ತೆಲುಗು ಹುಡುಗರು 1953-54ರಲ್ಲಿ ಮೊದಲ ಸಲ ಆಂಧ್ರದ ಹೆಸರಿನಲ್ಲಿ ರಣಜಿ ಆಡಲು ಹೊರಟರು. ನಾಯಕ ಯಾರು? ತೆಲುಗಿನಲ್ಲಿ ಅದಕ್ಕಿಂತ ದೊಡ್ಡ ಕ್ರಿಕೆಟ್ ಹೆಸರಿರಲಿಲ್ಲ. ವಯಸ್ಸು ಐವತ್ತೆಂಟು.

ಐವತ್ತೆಂಟು ಎಂದರೇನೆಂದು ಸರ್ಕಾರಿ ನೌಕರರ ಮನೆಯಲ್ಲಿ ಬೆಳೆದವರನ್ನು ಕೇಳಿ. ನಮ್ಮ ಓಣಿಯಲ್ಲಿ ಐವತ್ತೆಂಟು ತುಂಬಿದವರಿಗೆ ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ ಕೊಟ್ಟು ಮನೆಗೆ ಬಿಟ್ಟು ಬರುತ್ತಿದ್ದರು. ಮರುದಿನದಿಂದ ಅವರು ಮಫ್ಲರ್ ಸುತ್ತಿಕೊಂಡು ವಾಯುವಿಹಾರಕ್ಕೆ ಹೊರಡುತ್ತಿದ್ದರು. ಡಿಮಾಜಿಯೊ ಸಾಕೆಂದು ಕೈಮುಗಿದದ್ದು 1951ರ ಡಿಸೆಂಬರಿನಲ್ಲಿ, ಮೂವತ್ತೇಳಕ್ಕೆ. ಆ ವರ್ಷಗಳಲ್ಲೇ, ಐವತ್ತಾರರ ಆಸುಪಾಸಿನ ನಾಯ್ಡು ಬಾಂಬೆಯ ದತ್ತು ಫಡ್ಕರ್ ಎದುರು ನಿಂತಿದ್ದರು. ಬೌನ್ಸರ್ ಬಾಯಿಗೆ ಬಡಿಯಿತು. ಎರಡು ಹಲ್ಲು ಮುರಿದು ಪಿಚ್ಚಿನ ಮೇಲೆ ಬಿದ್ದವು. ಔಷಧ ಬೇಡವೆಂದರು, ಹಲ್ಲುಗಳನ್ನು ಪಿಚ್ಚಿನಿಂದ ಆಚೆಗೆ ಸರಿಸಿದರು, ಮತ್ತೆ ಗಾರ್ಡ್ ತೆಗೆದುಕೊಂಡರು. ನಾನು ಬಹಳ ಸಲ ಯೋಚಿಸಿದ್ದೇನೆ: ಬಾಯಿಯ ರಕ್ತಕ್ಕಿಂತ ಮೊದಲು ಪಿಚ್ಚು ಚೊಕ್ಕಟವಾಗಿರಬೇಕು ಎನ್ನಿಸಿದ್ದು ಎಂಥ ಮನಸ್ಸು! ಶೌರ್ಯ ಎನ್ನುವುದಕ್ಕಿಂತ ಅದು ವೃತ್ತಿಯ ಮಡಿ.

ಅಂಥವರನ್ನು ಹೊಸ ರಾಜ್ಯ ಹೆಸರಿಗಾಗಿ ಕರೆಯಿತು. ಕರೆದವರಿಗೆ ಬೇಕಾಗಿದ್ದುದು ಫೋಟೊದ ನಡುವೆ ಕೂರುವ ಹಿರಿಯರು ಇರಬಹುದು. ಬಂದವರು ಮಾತ್ರ ಪ್ಯಾಡು ಕಟ್ಟಿಕೊಂಡರು. ಆಂಧ್ರದಲ್ಲಿ ಒಂದು ಸೀಸನ್ ಮುಗಿಸಿ ಅವರು ಸುಮ್ಮನಾದರೇ ಎಂದರೆ ಅದೂ ಇಲ್ಲ. 1956ರಲ್ಲಿ ಪದ್ಮಭೂಷಣ ಬಂತು. ಆ ಗೌರವ ಬಂದವರು ಶಾಲು ಹೊದ್ದು ಸನ್ಮಾನಗಳಿಗೆ ಹೋಗುವುದು ರೂಢಿ. ಇವರು ಉತ್ತರ ಪ್ರದೇಶದ ತಂಡ ಸೇರಿ, ಅರವತ್ತೊಂದರಲ್ಲಿ ರಾಜಸ್ಥಾನದ ವಿರುದ್ಧ 84 ಹೊಡೆದರು. ವಿನೂ ಮಂಕಡ್ ಬೌಲಿಂಗಿಗೆ ಎರಡು ಸಿಕ್ಸರ್! ಅರವತ್ತೆಂಟರಲ್ಲಿ, 1963-64ರ ಒಂದು ಸಹಾಯಾರ್ಥ ಪಂದ್ಯದಲ್ಲಿ, ಕೊನೆಯ ಸಲ ಪ್ರಥಮ ದರ್ಜೆ ಮೈದಾನಕ್ಕೆ ಇಳಿದರು. 207 ಪಂದ್ಯ, 11,825 ರನ್, 26 ಶತಕ, 411 ವಿಕೆಟ್. 1967ರ ನವೆಂಬರ್ 14ರಂದು ಇಂದೋರಿನಲ್ಲಿ ತೀರಿಕೊಂಡರು.

ವಿಶಾಖಪಟ್ಟಣ ಬಂತು, ಇಳಿಯಿರಿ. ಬೀಚಿಗೆ ಆಮೇಲೆ ಹೋಗೋಣ, ಮುರಿ ಮಿಕ್ಸ್ಚರ್ ಎಲ್ಲೂ ಓಡಿ ಹೋಗುವುದಿಲ್ಲ. ಅದು ನಮ್ಮ ಚುರುಮುರಿಯೇ, ಈರುಳ್ಳಿಯ ಜೊತೆ ನಿಂಬೆ ಸ್ವಲ್ಪ ಮುಂದು. ಮೊದಲು ಮಧುರವಾಡದ ಕಡೆ, ಪಿ.ಎಂ. ಪಾಲೆಂಗೆ. ಹಿನ್ನೆಲೆಗೆ ಹಸಿರು ಗುಡ್ಡಗಳನ್ನಿಟ್ಟುಕೊಂಡು ನಿಂತ ಆ ಕ್ರೀಡಾಂಗಣವನ್ನು ನೀವು ಟಿವಿಯಲ್ಲಿ ನೋಡಿಯೇ ಇರುತ್ತೀರಿ. 2005ರ ಏಪ್ರಿಲ್ 5ರಂದು ಪಾಕಿಸ್ತಾನದ ವಿರುದ್ಧ ಉದ್ದ ಕೂದಲಿನ ಧೋನಿ 148 ಹೊಡೆದದ್ದು ಇಲ್ಲೇ. 2019ರ ಅಕ್ಟೋಬರಿನಲ್ಲಿ ನಮ್ಮ ಮಯಂಕ್ ಅಗರ್ವಾಲ್ ದಕ್ಷಿಣ ಆಫ್ರಿಕದ ಎದುರು ತನ್ನ ಮೊದಲ ಟೆಸ್ಟ್ ಶತಕವನ್ನು 215ರವರೆಗೆ ಒಯ್ದದ್ದೂ ಇಲ್ಲೇ. ಆ ಪಂದ್ಯದಲ್ಲಿ ಮಯಂಕ್ ಜೊತೆಗಾರ ರೋಹಿತ್ ಶರ್ಮ ಎರಡು ಇನ್ನಿಂಗ್ಸ್ ಸೇರಿಸಿ ಹದಿಮೂರು ಸಿಕ್ಸರ್ ಹೊಡೆದ. ಒಂದು ಟೆಸ್ಟಿನಲ್ಲಿ ಅಷ್ಟು ಸಿಕ್ಸರ್ ಅದಕ್ಕೂ ಮೊದಲು ಯಾರೂ ಹೊಡೆದಿರಲಿಲ್ಲ. ಜಿಮ್‌ಖಾನಾದ ಹನ್ನೊಂದು ಒಂದೇ ಇನ್ನಿಂಗ್ಸಿನವು ಎಂದು ನಾನು ಆ ದಿನ ಮನೆಯಲ್ಲಿ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇನ್ನೊಂದು ಪಂದ್ಯವಿದೆ, ಅದು ನಡೆದದ್ದು ಇಲ್ಲಲ್ಲ. 2023ರ ರಣಜಿ ಕ್ವಾರ್ಟರ್ ಫೈನಲ್, ಆಂಧ್ರ ಮತ್ತು ಮಧ್ಯಪ್ರದೇಶ. ಆಂಧ್ರದ ನಾಯಕ ಹನುಮ ವಿಹಾರಿ ಕಾಕಿನಾಡದವರು. ಆವೇಶ್ ಖಾನ್ ಚೆಂಡು ತಗುಲಿ ಎಡ ಮಣಿಕಟ್ಟಿನ ಮೂಳೆ ಮುರಿಯಿತು. ಒಂಬತ್ತು ವಿಕೆಟ್ ಬಿದ್ದ ಮೇಲೆ ಅವರು ಮತ್ತೆ ಇಳಿದರು. ಬಲಗೈ ಬ್ಯಾಟರ್ ಎಡಗೈಯವರ ಹಾಗೆ ತಿರುಗಿ ನಿಂತು, ಮುರಿದ ಕೈಯನ್ನು ಮರೆಯಲ್ಲಿಟ್ಟು, ಒಂದೇ ಕೈಯಲ್ಲಿ ಚೆಂಡು ತಡೆದರು. ಪಂದ್ಯ ಆಂಧ್ರದ ಕೈತಪ್ಪಿತು. ಮೈದಾನ ಇಂದೋರಿನದು. ಹೆಸರು ಹೋಳ್ಕರ್ ಕ್ರೀಡಾಂಗಣ.

ಸಂಜೆಯಾಯಿತು. ಗುಡ್ಡದ ನೆರಳು ಮೈದಾನದ ಅಂಚಿಗೆ ಬಂದಿದೆ. ಹಿಂಬದಿಯ ನೆಟ್ಸ್‌ನಲ್ಲಿ ಹುಡುಗರು ಕೊನೆಯ ಸುತ್ತು ಆಡುತ್ತಿದ್ದಾರೆ. ಬಲೆಯ ಮೇಲಿನಿಂದ ಹಾರಿದ ಒಂದು ಚೆಂಡು ಪುಟಿದು ಪುಟಿದು ನಿಮ್ಮ ಕಾಲ ಬಳಿ ಬಂದು ನಿಲ್ಲುತ್ತದೆ. ಎತ್ತಿಕೊಂಡು ಎಸೆಯುತ್ತೀರಿ, ಅರ್ಧ ದಾರಿಗೇ ಬೀಳುತ್ತದೆ. ಓಡಿ ಬಂದ ಹುಡುಗ ನಕ್ಕು ಅದನ್ನು ಪ್ಯಾಂಟಿಗೆ ಉಜ್ಜಿಕೊಳ್ಳುತ್ತಾನೆ. ಮುಂದಿನ ಪಂದ್ಯ ಯಾವಾಗ ಎಂದು ಕೇಳುತ್ತೇನೆ.

"ಒಚ್ಚೇ ವಾರಂ ಸಿ.ಕೆ. ಉಂದಂಡಿ" ಎನ್ನುತ್ತ ಅವನು ಆಗಲೇ ನೆಟ್ಸ್ ಕಡೆಗೆ ಅರ್ಧ ದಾರಿ ಓಡಿಯಾಗಿದೆ.